ಎತ್ತುವ ಕ್ಷಣದ ಭಾರ

ಹನ್ನೊಂದನೆಯ ಸಲವೂ ಅದೇ ಆಯಿತು. ಪರದೆಯ ಮೇಲಿನ ಕಾಂಕ್ರೀಟ್ ಚಪ್ಪಡಿ ನೆಲ ಬಿಟ್ಟು ಒಂದು ಗೇಣು ಎದ್ದಿತೋ ಇಲ್ಲವೋ, ಟಪ್ಪೆಂದು ಒಂದು ಸದ್ದು. ಪರದೆ ಕಪ್ಪಾಯಿತು. ಡಬ್ಬದೊಳಗಿನ ಫ್ಯಾನು ಒಂದೆರಡು ಸುತ್ತು ಸೋಮಾರಿಯಾಗಿ ತಿರುಗಿ ನಿಂತಿತು. ಗುಬ್ಬಕ್ಕ ಲಿವರುಗಳ ಮೇಲಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅವು ಯಾರದೋ ಕೈಗಳೆಂಬಂತೆ ನೋಡುತ್ತಾ ಕೂತಳು.

"ನೋಡು, ಇವತ್ತು ನಾನು ಇಸ್ತ್ರಿ ಪೆಟ್ಟಿಗೆ ಮುಟ್ಟೇ ಇಲ್ಲ," ಎಂದ ಅವಳ ಗಂಡ, ಹೊಲಿಗೆ ಯಂತ್ರದ ಆಚೆಯಿಂದ. "ಆಮೇಲೆ ನನ್ನ ತಲೆಗೆ ಕಟ್ಬೇಡ."

ಅವನು ಹಾಗೆ ಹೇಳಲು ಕಾರಣವಿತ್ತು. ಅವನು ದರ್ಜಿ, ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಕಂಪ್ಯೂಟರ್ ಬಂದು ಕೂತದ್ದೂ ಅದೇ ಕೋಣೆಯಲ್ಲಿ, ಇಸ್ತ್ರಿ ಪೆಟ್ಟಿಗೆಯ ಪಕ್ಕದ ಪ್ಲಗ್ಗಿನಲ್ಲಿ. ಮೊದಲ ಎರಡು ದಿನ ತಪ್ಪೆಲ್ಲ ಇಸ್ತ್ರಿ ಪೆಟ್ಟಿಗೆಯದೇ ಎಂದು ತೀರ್ಮಾನವಾಗಿತ್ತು. ಪಾಪ, ಆ ಮನುಷ್ಯ ಹೆಂಡತಿ ಅಭ್ಯಾಸಕ್ಕೆ ಕೂರುವ ಮೊದಲೇ ಎದ್ದು ಗಿರಾಕಿಗಳ ಪ್ಯಾಂಟಿಗೆ ಗೆರೆ ಕೂರಿಸಿ ಮುಗಿಸುತ್ತಿದ್ದ. ಮೂರನೆಯ ದಿನ ಇಸ್ತ್ರಿ ಪೆಟ್ಟಿಗೆ ತಣ್ಣಗೆ ಕೂತಿದ್ದಾಗಲೂ ಕಂಪ್ಯೂಟರ್ ಆರಿಹೋಯಿತು. ಅವತ್ತಿಡೀ ಅವನು ಜೈಲಿನಿಂದ ಬಿಡುಗಡೆಯಾದವನ ಹಾಗೆ ಎದೆ ಸೆಟೆಸಿಕೊಂಡು ಓಡಾಡಿದ. ಗುಬ್ಬಕ್ಕನ ಮುಖ ಮಾತ್ರ ಇನ್ನಷ್ಟು ಸಣ್ಣದಾಯಿತು. ಇಸ್ತ್ರಿ ಪೆಟ್ಟಿಗೆಯದಲ್ಲದಿದ್ದರೆ ತಪ್ಪು ಯಾರದು? ಅವಳ ಪ್ರಕಾರ ಅದಕ್ಕೆ ಉತ್ತರ ಒಂದೇ. ಅವಳ ಕೈಯದು.

ಅವಳು ಯಾಕೆ ಹಾಗೆ ಅಂದುಕೊಂಡಳು ಎಂಬುದನ್ನು ಹೇಳಲೇಬೇಕು. ಇಲ್ಲದಿದ್ದರೆ ಇಷ್ಟು ಬುದ್ಧಿವಂತೆ ಇಷ್ಟು ಸಣ್ಣ ವಿಷಯದಲ್ಲಿ ಎಡವಿದಳಲ್ಲ ಎಂದು ನೀವು ನಗುತ್ತೀರಿ.

ಗುಬ್ಬಕ್ಕ ಇಪ್ಪತ್ತೆರಡು ವರ್ಷ ಟವರ್ ಕ್ರೇನ್ ಓಡಿಸಿದವಳು. ಆಳು ಕುಳ್ಳಿ, ತೂಕ ಐವತ್ತು ದಾಟಿಲ್ಲ. ಮೊದಲ ದಿನ ಅವಳು ಏಣಿ ಹತ್ತುವುದನ್ನು ನೋಡಿ ಕೆಳಗಿದ್ದ ಗಾರೆಯವರು ಗುಬ್ಬಿ ಗುಬ್ಬಿ ಎಂದು ನಕ್ಕಿದ್ದರು. ಹೆಸರು ಉಳಿಯಿತು, ನಗು ಒಂದೇ ವಾರದಲ್ಲಿ ನಿಂತುಹೋಯಿತು. ಅರವತ್ತು ಮೀಟರ್ ಮೇಲಿನ ಗಾಜಿನ ಗೂಡಿನಲ್ಲಿ ಕೂತು ಅವಳು ಕಬ್ಬಿಣದ ಸರಳಿನ ಕಂತೆಯನ್ನು ಇಳಿಸಿದರೆ ನೆಲದ ಧೂಳು ಏಳುತ್ತಿರಲಿಲ್ಲ. ದೊಡ್ಡ ದೊಡ್ಡ ಗಾಜಿನ ಹಲಗೆ ಬಂದ ದಿನ ಮೇಸ್ತ್ರಿಗಳು, "ಗುಬ್ಬಕ್ಕ ಬರ್ಲಿ, ಅಲ್ಲೀತನಕ ಯಾರೂ ಮುಟ್ಬೇಡಿ," ಎಂದು ಕಾಯುತ್ತಿದ್ದರು. ನೆಲದ ಮೇಲೆ ಅವಳ ಮಾತಿಗೆ ಅಷ್ಟೇನೂ ಬೆಲೆ ಇರಲಿಲ್ಲ, ಮೇಲೆ ಮಾತ್ರ ಅವಳದೇ ದರ್ಬಾರು.

ಹೋದ ವರ್ಷ ಒಂದು ಬೆಳಿಗ್ಗೆ ಗೂಡು ತಿರುಗತೊಡಗಿತು. ಗಾಳಿ ಇರಲಿಲ್ಲ, ಕ್ರೇನೂ ನಿಂತಿತ್ತು, ತಿರುಗಿದ್ದು ಅವಳ ತಲೆ. ಕೊಕ್ಕೆಯಲ್ಲಿ ಇಟ್ಟಿಗೆ ಪೇರಿಸಿದ ಹಲಗೆ ನೇತಾಡುತ್ತಿತ್ತು. ಹಲ್ಲು ಕಚ್ಚಿ ಮೊದಲು ಅದನ್ನು ಜಾಗಕ್ಕೆ ಇಳಿಸಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು, ಒಂದೊಂದೇ ಮೆಟ್ಟಿಲು ಕಾಲಲ್ಲಿ ತಡಕಿ, ಮುಕ್ಕಾಲು ಗಂಟೆಯಲ್ಲಿ ನೆಲ ಮುಟ್ಟಿದಳು. ಒಳಕಿವಿಯ ತೊಂದರೆ ಎಂದರು ವೈದ್ಯರು. ಮೂರು ತಿಂಗಳಿಗೆ ವಾಸಿಯಾಯಿತು. ಆದರೆ ಒಮ್ಮೆ ತಲೆಸುತ್ತು ಬಂದವರನ್ನು ಮತ್ತೆ ಏಣಿ ಹತ್ತಿಸಬಾರದೆಂದು ಕಂಪನಿಯ ನಿಯಮ. ಅವಳನ್ನು ಉಗ್ರಾಣದಲ್ಲಿ ಕೂರಿಸಿದರು. ಬೆಳಿಗ್ಗೆ ಹೆಲ್ಮೆಟ್ಟು, ಬೂಟು, ಕೈಗವಸು ಕೊಡುವುದು, ಸಂಜೆ ವಾಪಸ್ಸು ಇಸಿದುಕೊಳ್ಳುವುದು. ಆ ಕೋಣೆಗೆ ಕಿಟಕಿಯೂ ಇರಲಿಲ್ಲ.

ಹೀಗಿರುವಾಗ ಕಂಪನಿಗೆ ಹೊಸ ಬಗೆಯ ಕ್ರೇನು ಬರುವ ಸುದ್ದಿ ಬಂತು. ಓಡಿಸುವವರು ಮೇಲೆ ಹತ್ತಬೇಕಾಗಿಲ್ಲ. ನೆಲದ ಮೇಲಿನ ಕೋಣೆಯಲ್ಲಿ ಕುರ್ಚಿ, ಎರಡು ಲಿವರು, ಎದುರಿಗೆ ಪರದೆ. ಕ್ರೇನಿನ ತುದಿಯಲ್ಲಿ ಕ್ಯಾಮೆರಾ. ಆ ಕುರ್ಚಿ ಒಂದೇ ಒಂದು, ಪರೀಕ್ಷೆ ಪಾಸಾದವರಿಗೆ ಅದು. ಪರೀಕ್ಷೆ ನಡೆಯುವುದು ಕಂಪ್ಯೂಟರಿನ ಮೇಲೆ: ಚಪ್ಪಡಿಯನ್ನು ಹದಿನೆಂಟನೆಯ ಮಹಡಿಗೆ ಎತ್ತಬೇಕು, ತುದಿಯ ಕ್ಯಾಮೆರಾದಿಂದ ಕೆಳಗೆ ನೋಡಿಕೊಂಡು ಗುರುತಿನೊಳಗೆ ಇಳಿಸಬೇಕು. ಹೆಸರು ಕೊಟ್ಟವರು ಮೂವರು. ಗುಬ್ಬಕ್ಕನನ್ನು ಬಿಟ್ಟರೆ ಮಿಕ್ಕಿಬ್ಬರು ಅವಳ ಅರ್ಧ ವಯಸ್ಸಿನವರು, ಇಂಥ ಪರದೆಗಳ ಮುಂದೆಯೇ ಬೆಳೆದವರು. ಅವಳಿಗೆ ಆ ಕುರ್ಚಿ ಬೇಕಿತ್ತು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಆದರೆ ಮದುವೆಯಾದ ಮೇಲೆ ಅವಳು ಏನನ್ನಾದರೂ ಇಷ್ಟು ಆಸೆಪಟ್ಟದ್ದನ್ನು ಗಂಡ ನೋಡಿರಲಿಲ್ಲ.

ದಾರಿ ತೋರಿಸಿದ್ದು ಅವಳ ಅಣ್ಣನ ಮಗಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ರಜೆ ಬಂದರೆ ಬೆಳಗಿನಿಂದ ಸಂಜೆವರೆಗೆ ಕಂಪ್ಯೂಟರಿನಲ್ಲಿ ಆಟ. ಈ ಹುಡುಗಿ ಕೆಟ್ಟುಹೋದಳು ಎಂದು ಮನೆಮಂದಿಯೆಲ್ಲ ಕೈಬಿಟ್ಟಿದ್ದ ಅವಳು ಈಗ ಇದ್ದಕ್ಕಿದ್ದಂತೆ ಗುರುವಾಗಿಬಿಟ್ಟಳು.

"ಅತ್ತೆ, ಪರೀಕ್ಷೆಗೆ ಇಡೋ ಪ್ರೋಗ್ರಾಮ್ ಆಟವಾಗಿಯೂ ಸಿಗುತ್ತೆ. ಜನ ದುಡ್ಡು ಕೊಟ್ಟು ಆಡ್ತಾರೆ."

"ಏನು, ನನ್ನ ಕೆಲಸಾನಾ? ದುಡ್ಡು ಕೊಟ್ಟು?"

"ರಜಾ ದಿನ ಕೂತ್ಕೊಂಡು."

ಗುಬ್ಬಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಸದ್ಯ, ನಮ್ಮ ಮೇಸ್ತ್ರಿಗೆ ಹೇಳ್ಬೇಡ. ಸಂಬಳ ನಿಲ್ಲಿಸಿಬಿಡ್ತಾನೆ."

ಆಟ ಭಾರಿ, ಮಾಮೂಲಿ ಕಂಪ್ಯೂಟರಿನಲ್ಲಿ ಓಡದು. ಅದಕ್ಕೆಂದೇ ಹುಡುಗಿ ಕಡಿಮೆ ಖರ್ಚಿನಲ್ಲಿ ಒಂದನ್ನು ಜೋಡಿಸಿದಳು. ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡ್ ಅವಳದೇ ಹಳೆಯದು, ಪ್ರೊಸೆಸರ್ ಯಾರೋ ಗೆಳತಿಯದು, ಹೊರಗಿನ ಡಬ್ಬ ಎಲ್ಲಿಯದೋ. ಪವರ್ ಸಪ್ಲೈ ಒಂದನ್ನು ಅತ್ತೆಗೆ ಬಿಟ್ಟಳು. "ಅದೇನು ಮಹಾ, ಅತ್ತೆ. ಗೋಡೆಯಿಂದ ಕರೆಂಟ್ ತಗೊಂಡು ಒಳಗಿನ ಎಲ್ಲದಕ್ಕೂ ಹಂಚೋ ಪೆಟ್ಟಿಗೆ. ಸಾಕಾಗುವಷ್ಟು ವ್ಯಾಟ್ ಇರೋದು ನೋಡಿ ನೀವೇ ತಂದುಬಿಡಿ."

ಸಾಕಾಗುವಷ್ಟು ಎಂದರೆ ಎಷ್ಟು? ಗುಬ್ಬಕ್ಕ ಯಾವ ಭಾರವನ್ನೂ ಅಂದಾಜಿನಲ್ಲಿ ಎತ್ತಿದವಳಲ್ಲ. ಗಂಡ ಅಳತೆ ಬರೆದುಕೊಳ್ಳುವ ಚೀಟಿಯ ಬೆನ್ನಿಗೆ ಬರೆದಳು: ಕಾರ್ಡಿಗೆ ನೂರ ಅರವತ್ತು ವ್ಯಾಟ್, ಪ್ರೊಸೆಸರಿಗೆ ಅರವತ್ತೈದು, ಫ್ಯಾನು ಗೀನು ಎಲ್ಲ ಸೇರಿ ಮೂವತ್ತೈದು. ಒಟ್ಟು ಇನ್ನೂರ ಅರವತ್ತು. ಅಂಗಡಿಯಲ್ಲಿ ಕೆಂಪು ಅಕ್ಷರದಲ್ಲಿ ದಪ್ಪಗೆ ಐನೂರು ಎಂದು ಬರೆದಿದ್ದ ಪೆಟ್ಟಿಗೆ ಸಿಕ್ಕಿತು. ಹತ್ತಿರ ಹತ್ತಿರ ಎರಡರಷ್ಟು! ನೆಮ್ಮದಿಯಿಂದ ತಂದಳು. ಕ್ರೇನಿಗೆ ಬಡಿದ ಫಲಕದ ಅಂಕಿಯನ್ನು ನಂಬಿ ಅದರ ಕೆಳಗೆ ಜನ ಓಡಾಡುತ್ತಾರೆ. ಯಂತ್ರದ ಮೇಲೆ ಬರೆದ ಅಂಕಿ ಮೋಸ ಮಾಡಬಹುದೆಂಬುದು ಅವಳ ಕನಸಿಗೂ ಬರುವ ವಿಚಾರವಾಗಿರಲಿಲ್ಲ.

ಇನ್ನು ಅವಳ ತಪ್ಪಿಗೆ ಬರೋಣ. ಕ್ರೇನಿನಲ್ಲಿ ಓವರ್‌ಲೋಡ್ ಸ್ವಿಚ್ ಎಂದು ಒಂದಿರುತ್ತದೆ. ಓಡಿಸುವವರು ಭಾರವನ್ನು ಜಗ್ಗಿ ಎತ್ತಿದರೆ ಅದು ಟಪ್ಪೆಂದು ಬಿದ್ದು ಮೋಟಾರು ನಿಲ್ಲಿಸುತ್ತದೆ. ಕೈ ಒರಟಾಗಿದೆ ಎಂದು ಯಂತ್ರವೇ ಕೆನ್ನೆಗೆ ಹೊಡೆದಂತೆ. ಹಾಗಾಗಿ ಚಪ್ಪಡಿ ಏಳುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಆರಿದಾಗ ಗುಬ್ಬಕ್ಕ ತಿಳಿದದ್ದು ಇಷ್ಟು: ಆಹಾ, ಆಟ ಮಾಡಿದವರು ಆ ಸ್ವಿಚ್ಚನ್ನೂ ಬಿಟ್ಟಿಲ್ಲ! ಎಷ್ಟು ನಿಜದಂತೆ ಮಾಡಿದ್ದಾರೆ! ಮತ್ತು, ತನ್ನ ಕೈ ಎಷ್ಟು ಕೆಟ್ಟಿದೆ! ಇಪ್ಪತ್ತೆರಡು ವರ್ಷದಲ್ಲಿ ಆ ಸ್ವಿಚ್ಚು ಅವಳ ಕೈಯಲ್ಲಿ ಬಿದ್ದದ್ದು ಎರಡು ಸಲ. ಈಗ ವಾರದಲ್ಲಿ ಹನ್ನೊಂದು. ನಾಚಿಕೆಯಿಂದ ಅಣ್ಣನ ಮಗಳಿಗೂ ಹೇಳಿರಲಿಲ್ಲ. ಪರೀಕ್ಷೆ ಸೋಮವಾರ. ಅವತ್ತು ಬುಧವಾರ.

ಅಷ್ಟರಲ್ಲಿ ಹುಡುಗಿಯೇ ಬಂದಳು, ಅವತ್ತು ಅವಳಿಗೆ ರಜೆ. "ಹೇಗಿದೆ ಅತ್ತೆ ಅಭ್ಯಾಸ?" ಎನ್ನುತ್ತಾ ಸ್ಟೂಲ್ ಎಳೆದುಕೊಂಡು ಕೂತಳು. ಗುಬ್ಬಕ್ಕ ಗತ್ಯಂತರವಿಲ್ಲದೆ ಹನ್ನೆರಡನೆಯ ಸಲ ಎತ್ತಿದಳು. ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಲಿವರು ಸರಿಸಿದಳು. ಟಪ್.

"ನೋಡಿದ್ಯಾ," ಎಂದಳು ತಲೆ ಎತ್ತದೆ. "ಜಗ್ತಾ ಇದೀನಿ. ಓವರ್‌ಲೋಡ್ ಬೀಳ್ತಾ ಇದೆ."

ಹುಡುಗಿ ಕಕ್ಕಾಬಿಕ್ಕಿಯಾಗಿ ಅತ್ತೆಯನ್ನೂ ಕಂಪ್ಯೂಟರನ್ನೂ ನೋಡಿದಳು. "ಅತ್ತೆ, ಇದು ಆಟದಲ್ಲಿ ಇರೋದಲ್ಲ. ಕಂಪ್ಯೂಟರೇ ಸತ್ತುಹೋಗ್ತಾ ಇದೆ. ಎಷ್ಟು ದಿನದಿಂದ ಹೀಗೆ?"

"ಮೊದಲ ದಿನದಿಂದ."

"ಒಂದು ಮಾತು ನಂಗೆ ಹೇಳೋದಲ್ವಾ!"

ಹುಡುಗಿ ತಾನೂ ಒಮ್ಮೆ ಎತ್ತಿ ನೋಡಿದಳು. ಅವಳ ಕೈಯಲ್ಲೂ ಆರಿತು. ಗುಬ್ಬಕ್ಕನಿಗೆ ಸಮಾಧಾನವಾಗಲಿಲ್ಲ. "ನೀನು ನನಗಿಂತ ಜಗ್ಗಿದೆ," ಎಂದಳು. ದರ್ಜಿ ನಗು ತಡೆಯಲಾರದೆ ದಾರ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದ.

ಅರ್ಧ ಗಂಟೆಯಲ್ಲಿ ಇಬ್ಬರೂ ಸ್ಕೂಟರಿನ ಮೇಲಿದ್ದರು, ನಡುವೆ ಮಗುವಿನ ಹಾಗೆ ಕಂಪ್ಯೂಟರ್. ಲಿವರುಗಳು ಗುಬ್ಬಕ್ಕನ ಹೆಗಲ ಚೀಲದಲ್ಲಿ.

ರಿಪೇರಿಯವರ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಒಳಗೆ ಹೋಗಬೇಕಾದರೆ ಯಾರಾದರೂ ತಲೆ ಬಗ್ಗಿಸಲೇಬೇಕು, ಗುಬ್ಬಕ್ಕನನ್ನು ಬಿಟ್ಟು. ರಿಪೇರಿಯವರು ಅರವತ್ತು ದಾಟಿದ ಒಣಕಲು ಮನುಷ್ಯ. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು.

"ಎರಡೂ ಸೇರಿಸಿ ಒಂದೇ ಮಾಡಿಕೊಡ್ತೀನಿ ಅಂತ ಎಷ್ಟು ಸಲ ಹೇಳಿದೀನಿ," ಎಂದಳು ಹುಡುಗಿ.

"ಯಾವುದಾದ್ರೂ ಒಂದು ಕಳೆದ್ರೆ ಇನ್ನೊಂದು ಇರಲಿ ಅಂತ," ಎಂದರು ಅವರು. ಕತೆಯನ್ನೆಲ್ಲ ಕೇಳಿಸಿಕೊಂಡು, ಡಬ್ಬ ಬಿಚ್ಚಿ, ಪವರ್ ಸಪ್ಲೈ ಹೊರಗೆ ತೆಗೆದು ಅಂಗೈ ಮೇಲೆ ಒಮ್ಮೆ ತೂಗಿ ನೋಡಿದರು. ಮೂಗು ಮುರಿದರು.

ಗೋಡೆಗೆ ಒಂದು ಉದ್ದ ಹಲಗೆ ಬಡಿದಿತ್ತು, ಅದರ ಮೇಲೆ ಸಾಲಾಗಿ ಕಾರಿನ ಹೆಡ್‌ಲೈಟಿನ ಬಲ್ಬುಗಳು, ಪ್ರತಿಯೊಂದಕ್ಕೂ ಒಂದು ಸ್ವಿಚ್ಚು. "ಒಂದೊಂದೂ ಐವತ್ತೈದು ವ್ಯಾಟ್ ಎಳೆಯುತ್ತೆ," ಎಂದರು. "ನಿಮ್ಮದು ಐನೂರು ಅಂತೀರಿ. ಒಂಬತ್ತು ಉರೀಬೇಕು. ನೀವೇ ಹಾಕಿ."

ಗುಬ್ಬಕ್ಕ ಹಾಕಿದಳು. ಒಂದು. ಎರಡು. ಮೂರು. ಇಡೀ ಅಂಗಡಿ ಬೆಳ್ಳಗಾಯಿತು. ನಾಲ್ಕನೆಯದಕ್ಕೆ ಎಲ್ಲವೂ ಒಟ್ಟಿಗೆ ಸ್ವಲ್ಪ ಮಂಕಾದವು, ಪೆಟ್ಟಿಗೆಯೊಳಗಿಂದ ಸಣ್ಣಗೆ ಕುಂಯ್ಗುಡುವ ಸದ್ದು ಬಂತು. ಅವಳ ಕಿವಿ ನೆಟ್ಟಗಾಯಿತು.

"ಮುಂದಿನದಕ್ಕೆ ಹೋಗುತ್ತೆ," ಎಂದಳು.

"ಹೇಗೆ ಹೇಳ್ತೀರಿ?"

"ಭಾರ ಜಾಸ್ತಿ ಆದ್ರೆ ಹಗ್ಗ ಹೀಗೇ ಅಳೋದು."

ಐದನೆಯ ಸ್ವಿಚ್ಚು ಒತ್ತಿದಳು. ಟಪ್. ಅದೇ ಸದ್ದು, ವಾರದಿಂದ ಅವಳ ಎದೆಗೆ ಹೊಡೆಯುತ್ತಿದ್ದ ಅದೇ ಸದ್ದು. ಬಲ್ಬುಗಳೆಲ್ಲ ಆರಿ ಅಂಗಡಿ ಮೆಟ್ಟಿಲ ಕೆಳಗಿನ ತನ್ನ ಕತ್ತಲೆಗೆ ವಾಪಸ್ಸಾಯಿತು. ಲಿವರು ಇಲ್ಲ, ಚಪ್ಪಡಿ ಇಲ್ಲ, ಅವಳ ಕೈ ಮುಟ್ಟಿದ್ದು ಬರೀ ಸ್ವಿಚ್ಚು.

"ಆದ್ರೆ ಐನೂರು ಅಂತ ಬರೆದಿದೆಯಲ್ಲ," ಎಂದಳು. "ಬರೆದಿದೆಯಲ್ಲ ಅದರ ಮೇಲೆ!"

ರಿಪೇರಿಯವರು ಹಣೆಯ ಕನ್ನಡಕವನ್ನು ಅವಳ ಕೈಗೆ ಕೊಟ್ಟು ಪೆಟ್ಟಿಗೆಯ ಪಕ್ಕೆ ತೋರಿಸಿದರು. ಕೆಂಪು ಐನೂರರ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರದ ಪಟ್ಟಿ. "ಕಾರ್ಡು, ಪ್ರೊಸೆಸರು, ಭಾರ ಎಳೆಯೋದೆಲ್ಲ ಹನ್ನೆರಡು ವೋಲ್ಟಿನ ಈ ಸಾಲಿಂದ. ಅಲ್ಲಿ ಎಷ್ಟು ಆಂಪಿಯರ್ ಅಂತಿದೆ?"

"ಹದಿನೆಂಟು."

"ಹದಿನೆಂಟು ಹನ್ನೆರಡ್ಲಿ?"

"ಇನ್ನೂರ ಹದಿನಾರು." ಐನೂರು ಎಂದು ಕೂಗುತ್ತಿದ್ದ ಪೆಟ್ಟಿಗೆ ಬೇಕಾದ ಕಡೆ ಕೊಡುವುದು ಇನ್ನೂರ ಹದಿನಾರು. ಅವಳಿಗೆ ಮೊದಲು ಬಂದದ್ದು ಸಿಟ್ಟು, ಅದರ ಹಿಂದೆಯೇ ಒಂದು ನೆನಪು. ಕ್ರೇನಿನಲ್ಲೂ ಇಂಥದೇ ಪಟ್ಟಿ ಇರುತ್ತದೆ. ಬುಡದ ಹತ್ತಿರ ಹತ್ತು ಟನ್ ಎತ್ತುವ ಕ್ರೇನು ತುದಿಯಲ್ಲಿ ಎತ್ತುವುದು ಎರಡೇ. ಪಟ್ಟಿ ಓದದೆ ಭಾರ ಮುಟ್ಟಬಾರದು ಎಂದು ಹೊಸಬರಿಗೆ ಅವಳೇ ಬೈದು ಕಲಿಸಿದ್ದಳು. "ಪಟ್ಟಿ ಕಣೇ ಇದು!" ಎಂದು ಅಣ್ಣನ ಮಗಳ ತೋಳು ಹಿಡಿದು ಅಲ್ಲಾಡಿಸಿದಳು. "ಲೋಡ್ ಪಟ್ಟಿ! ನಾನು ಪಟ್ಟಿ ಓದದೆ ಎತ್ತೋಕೆ ಹೋದೆ!"

ರಿಪೇರಿಯವರಿಗೆ ಈ ಹೆಂಗಸಿನ ಮೇಲೆ ಕುತೂಹಲ ಹುಟ್ಟಿತು. ಗಿರಾಕಿಗಳು ಬರುತ್ತಾರೆ, ದೊಡ್ಡ ಅಂಕಿ ಕೇಳುತ್ತಾರೆ, ಹೋಗುತ್ತಾರೆ. ಹಗ್ಗ ಅಳುತ್ತದೆ ಎಂದವರು ಯಾರೂ ಇಲ್ಲ. "ಕೂತ್ಕೊಳಿ," ಎಂದರು. "ನಿಮಗೊಂದು ತೋರಿಸ್ತೀನಿ. ಎಲ್ಲರಿಗೂ ತೋರಿಸೋದಿಲ್ಲ."

ಅವರು ತಮ್ಮದೇ ಒಂದು ಒಳ್ಳೆಯ ಪವರ್ ಸಪ್ಲೈಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ಕಾರ್ಡಿಗೆ ಹೋಗುವ ತಂತಿಗಳಿಗೆ ಚಿಮ್ಮಟದಂಥದೊಂದನ್ನು ಕಚ್ಚಿಸಿ, ಅದರ ಇನ್ನೊಂದು ತುದಿಯನ್ನು ಕಪಾಟಿನ ಮೇಲಿನ ಆಸಿಲೋಸ್ಕೋಪಿಗೆ ಜೋಡಿಸಿದರು. ಆ ಯಂತ್ರದ ಸಣ್ಣ ಪರದೆಯ ಮೇಲೆ ಒಂದು ಹಸಿರು ಗೆರೆ ಅಲ್ಲಾಡದೆ ಮಲಗಿತ್ತು. "ಈ ಗೆರೆ ಕಾರ್ಡು ಎಳೆಯೋ ಕರೆಂಟು. ನೀವು ಆ ಕಡೆ ಎತ್ತಿ, ಈ ಕಡೆ ನೋಡಿ. ಒಂದು ಗೇಣು ಎತ್ತಿ ಇಳಿಸಿದ್ರೆ ಸಾಕು."

ಗುಬ್ಬಕ್ಕ ಲಿವರುಗಳನ್ನು ತೊಡೆಯ ಮೇಲಿಟ್ಟುಕೊಂಡು ಎತ್ತಿದಳು. ಹಸಿರು ಗೆರೆ ಚಂಗನೆ ನೆಗೆದು ಮತ್ತೆ ಮಲಗಿತು. ಕಣ್ಣು ರೆಪ್ಪೆ ಬಡಿಯುವಷ್ಟೂ ಹೊತ್ತಿಲ್ಲ. ರಿಪೇರಿಯವರು ಒಂದು ಗುಂಡಿ ತಿರುಗಿಸಿ ಆ ನೆಗೆತವನ್ನು ಹಿಡಿದು ನಿಲ್ಲಿಸಿದರು, ಇನ್ನೊಂದು ತಿರುಗಿಸಿ ಹಿಗ್ಗಿಸಿದರು. ಈಗ ಪರದೆಯ ತುಂಬ ಒಂದು ಗುಡ್ಡ. ಒಂದು ಕಡೆ ನೆಟ್ಟಗೆ ಎದ್ದು, ತುದಿ ಮುಟ್ಟಿ, ಇನ್ನೊಂದು ಕಡೆ ಸಣ್ಣದಾಗಿ ತೂಗಾಡುತ್ತಾ ಇಳಿದಿತ್ತು.

"ಕಾರ್ಡಿನ ಮೇಲೆ ಬರೆದಿರೋದು ನೂರ ಅರವತ್ತು," ಎಂದರು. "ಚಪ್ಪಡಿ ನೆಲ ಬಿಡೋವಾಗ ಧೂಳು, ನೆರಳು, ಹಗ್ಗ, ಎಲ್ಲವನ್ನೂ ಒಟ್ಟಿಗೆ ಬರೀಬೇಕು. ಆಗ ಮುನ್ನೂರ ಇಪ್ಪತ್ತಕ್ಕೆ ನೆಗೆಯುತ್ತೆ. ಒಂದು ಸೆಕೆಂಡನ್ನ ಸಾವಿರ ಚೂರು ಮಾಡಿದ್ರೆ, ಅದರಲ್ಲಿ ಎರಡೇ ಚೂರು. ಆ ಎರಡು ಚೂರಿನಲ್ಲಿ ನಿಮ್ಮ ಪೆಟ್ಟಿಗೆ ಸತ್ತುಹೋಗ್ತಿತ್ತು."

ಆ ಗುಡ್ಡ ಗುಬ್ಬಕ್ಕನಿಗೆ ಗೊತ್ತು. ನಿಂತ ಭಾರಕ್ಕಿಂತ ಎತ್ತುವ ಕ್ಷಣದ ಭಾರ ದೊಡ್ಡದು. ನೆಲ ಬಿಡುವಾಗ ಭಾರ ಒಮ್ಮೆ ಜಗ್ಗುತ್ತದೆ, ಹಗ್ಗ ಹಿಗ್ಗುತ್ತದೆ, ಕ್ರೇನಿನ ಕತ್ತು ಬಗ್ಗುತ್ತದೆ, ಕೂತ ಸೀಟು ಕೆಳಗಿಳಿದು ಮತ್ತೆ ಮೇಲೆದ್ದು ಎರಡು ಸಲ ತೂಗಿ ನಿಲ್ಲುತ್ತದೆ. ಇಪ್ಪತ್ತೆರಡು ವರ್ಷ ದಿನಕ್ಕೆ ನೂರು ಸಲ ಅವಳ ಬೆನ್ನುಮೂಳೆಯಲ್ಲಿ ಹಾದುಹೋದದ್ದು ಅದು. ಅದಕ್ಕೊಂದು ಆಕಾರ ಇದೆಯೆಂದು ಅವಳಿಗೆ ತಿಳಿದಿರಲಿಲ್ಲ. ಅಂಗೈಯಗಲದ ಕಾರ್ಡು, ಎಲ್ಲೂ ಏನೂ ಅಲ್ಲಾಡದ ಕಾರ್ಡು, ಬರೀ ಒಂದು ಚಪ್ಪಡಿಯ ಚಿತ್ರ ಎತ್ತಲು ಹೀಗೆ ಉಸಿರು ಕಟ್ಟಿ ಜಗ್ಗುತ್ತದೆಯೆ? ಇಷ್ಟು ದಿನ ಪಾಪ ಅದೂ ಎತ್ತುತ್ತಿತ್ತೆ? ಕೈ ಮುಂದೆ ಚಾಚಿ ಆ ಗೆರೆಯನ್ನು ಬೆರಳಿನಿಂದ ಬುಡದಿಂದ ತುದಿಯವರೆಗೆ ಸವರಿದಳು. ಗಾಜಿನ ಮೇಲೆ ಬೆರಳಿನ ಗುರುತು ಬಿತ್ತು.

"ಇದೇ," ಎಂದಳು ಕೊನೆಗೆ. "ಇದೇ ಅದು. ನಾನು ಇದನ್ನ ನೋಡಿರ್ಲಿಲ್ಲ."

ಆಮೇಲೆ ಆರಿಸುವ ಕೆಲಸ. ಮೇಜಿನ ಮೇಲೆ ಮೂರು ಹೊಸ ಪೆಟ್ಟಿಗೆ ಇಟ್ಟರು: ನಾನೂರೈವತ್ತು, ಐನೂರೈವತ್ತು, ಎಂಟುನೂರೈವತ್ತು. ಮೂರೂ ಪ್ರಾಮಾಣಿಕ ಪೆಟ್ಟಿಗೆಗಳೇ, ಪಟ್ಟಿಯಲ್ಲಿ ಹನ್ನೆರಡು ವೋಲ್ಟಿನ ಸಾಲೊಂದೇ ಹತ್ತಿರ ಹತ್ತಿರ ಪೂರ್ತಿ ಅಂಕಿ ಕೊಡುವಂಥವು. "ಎಂಟುನೂರೈವತ್ತೇ ಇರಲಿ ಅತ್ತೆ," ಎಂದಳು ಹುಡುಗಿ. "ಇನ್ನು ತಲೆನೋವೇ ಬೇಡ."

ಗುಬ್ಬಕ್ಕ ಬೇಡವೆಂದು ತಲೆಯಾಡಿಸಿದಳು. "ಒಂದು ಬಕೆಟ್ ನೀರು ಎತ್ತೋಕೆ ಬಂದರಿನ ಕ್ರೇನ್ ತರ್ಸಲ್ಲ." ಲೆಕ್ಕ ಅವಳ ನಾಲಿಗೆಯ ತುದಿಯಲ್ಲಿತ್ತು. ನಿಂತ ಭಾರ ಇನ್ನೂರ ಅರವತ್ತು. ನೆಗೆತ ಸೇರಿಸಿದರೆ ನಾನೂರ ಇಪ್ಪತ್ತು. "ನಾನೂರೈವತ್ತು ಇವತ್ತಿಗೆ ಎತ್ತುತ್ತೆ. ಆದ್ರೆ ಹಗ್ಗಕ್ಕೆ ವಯಸ್ಸಾಗುತ್ತೆ. ಪೆಟ್ಟಿಗೆಗೆ ಆಗಲ್ವಾ?"

"ಆಗುತ್ತೆ," ಎಂದರು ರಿಪೇರಿಯವರು. "ಸೆಕೆ ಇದ್ರೆ ಇನ್ನೂ ಬೇಗ."

"ಹಾಗಾದ್ರೆ ಇದು." ಐನೂರೈವತ್ತರ ಮೇಲೆ ಕೈಯಿಟ್ಟಳು. ಕನ್ನಡಕ ಏರಿಸಿ ಪಟ್ಟಿ ಓದಿದಳು: ಹನ್ನೆರಡು ವೋಲ್ಟು, ನಲವತ್ತೈದು ಆಂಪಿಯರು. ಆದರೂ ಗೋಡೆಗೆ ಬಡಿದ ಹಲಗೆಗೆ ಸಿಕ್ಕಿಸಿ ತೋರಿಸಲೇಬೇಕೆಂದು ಹಟ ಹಿಡಿದಳು. ಒಂದಾದ ಮೇಲೊಂದು ಒಂಬತ್ತು ಬಲ್ಬು ಹೊತ್ತಿದವು. ಯಾವುದೂ ಮಂಕಾಗಲಿಲ್ಲ, ಏನೂ ಅಳಲಿಲ್ಲ. ಮೆಟ್ಟಿಲ ಮೇಲೆ ಹತ್ತಿ ಹೋಗುತ್ತಿದ್ದವರು ಇದೇನು ಬೆಳಕು ಎಂದು ಬಗ್ಗಿ ನೋಡಿದರು. ಮೂವರೂ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು.

"ಹತ್ತೊಂಬತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ," ಎಂದರು ರಿಪೇರಿಯವರು. "ಎಷ್ಟು ದೊಡ್ಡದು ಅಂತ ಎಲ್ಲರೂ ಕೇಳ್ತಾರೆ. ಎತ್ತೋ ಹೊತ್ತಿಗೆ ಎಷ್ಟು ಅಂತ ಕೇಳಿದವರು ನೀವೊಬ್ಬರೇ ತಾಯಿ."

ಹೊರಗೆ ಬಂದು ಸ್ಕೂಟರಿಗೆ ಡಬ್ಬ ಕಟ್ಟುವಾಗ ಹುಡುಗಿಗೆ ಖುಷಿಯೋ ಖುಷಿ. "ನಿಮ್ಮ ಕೈ ಸರಿಯಾಗೇ ಇದೆ ಅತ್ತೆ! ಇನ್ನೇನು, ಕುರ್ಚಿ ನಿಮ್ಮದೇ!"

ಗುಬ್ಬಕ್ಕ ಹಗ್ಗದ ಗಂಟು ಬಿಗಿಯುತ್ತಾ ಇದ್ದಳು. ಇನ್ನೊಂದು ಗಂಟು ಹಾಕಿ ಹೇಳಿದಳು: "ಒಂದು ಮಾತು ಹೇಳ್ತೀನಿ, ನಿಮ್ಮ ಮಾವನಿಗೆ ಹೇಳ್ಬೇಡ. ಪರದೆ ಕಪ್ಪಾದಾಗೆಲ್ಲ ನಂಗೆ ಬೇಜಾರಾಗ್ತಿತ್ತು ನಿಜ. ಒಳಗೊಳಗೇ ನೆಮ್ಮದಿನೂ ಆಗ್ತಿತ್ತು."

"ಯಾಕೆ?"

"ಮೇಲೆ ಹೋಗ್ಬೇಕಾಗಿರ್ಲಿಲ್ಲವಲ್ಲ. ಹದಿನೆಂಟನೇ ಮಹಡಿಯಿಂದ ಕೆಳಗೆ ನೋಡ್ಬೇಕು. ಅವತ್ತಿನಿಂದ ಈಚೆಗೆ ನಾನು ಸ್ಟೂಲ್ ಮೇಲೂ ನಿಂತಿಲ್ಲ ಕಣೇ. ಕಿವಿ ವಾಸಿಯಾಗಿದೆ ಅಂತಾರೆ. ಅಲ್ಲಿ ತಲೆ ಸುತ್ತಿದ್ರೆ? ಇನ್ನು ಕಪ್ಪಾಗಿ ಕಾಪಾಡೋಕೆ ಆ ಹಾಳು ಪೆಟ್ಟಿಗೆನೂ ಇಲ್ಲ."

ಹುಡುಗಿ ಅತ್ತೆಯ ಹೆಲ್ಮೆಟ್ಟಿನ ಪಟ್ಟಿಯನ್ನು ತಾನೇ ಹಾಕಿ, ದಾರಿಯುದ್ದಕ್ಕೂ ನಿಧಾನವಾಗಿ ಗಾಡಿ ಓಡಿಸಿದಳು.

ಮನೆಯಲ್ಲಿ ಹೊಸ ಪೆಟ್ಟಿಗೆಯನ್ನು ಕೂರಿಸಿ ತಂತಿಗಳನ್ನೆಲ್ಲ ಸಿಕ್ಕಿಸುವ ಹೊತ್ತಿಗೆ ಸಂಜೆಯ ಬಿಸಿಲು ಕೋಣೆಯೊಳಗೆ ಬಂದಿತ್ತು. ದರ್ಜಿ ಹೊಲಿಗೆ ನಿಲ್ಲಿಸಿ, ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಬಂದು ಹಿಂದೆ ನಿಂತ. ಗುಬ್ಬಕ್ಕ ಲಿವರು ಹಿಡಿದಳು.

ಚಪ್ಪಡಿ ಜಗ್ಗಿತು. ಹಗ್ಗ ಹಿಗ್ಗಿತು. ಆ ಎರಡು ಚೂರು ಬಂದು ಹೋದವು, ಯಾರಿಗೂ ಕಾಣಲಿಲ್ಲ, ಪೆಟ್ಟಿಗೆ ಮಿಸುಕಲಿಲ್ಲ. ಚಪ್ಪಡಿ ನೆಲ ಬಿಟ್ಟಿತು, ಗೇಣು, ಮಾರು, ಒಂದನೇ ಮಹಡಿ, ಎರಡನೇ ಮಹಡಿ. ಹುಡುಗಿ ಉಗುರು ಕಚ್ಚುತ್ತಿದ್ದಳು. ಗುಬ್ಬಕ್ಕ ಚಪ್ಪಡಿಯನ್ನು ಬಿಟ್ಟು ಆಚೀಚೆ ನೋಡಲಿಲ್ಲ. ಹನ್ನೆರಡು, ಹದಿನೈದು, ಹದಿನೆಂಟು. ನಿಲ್ಲಿಸಿದಳು. ಈಗ ತುದಿಯ ಕ್ಯಾಮೆರಾಗೆ ಹೋಗಬೇಕು, ಅದಕ್ಕೊಂದು ಗುಂಡಿ. ಹೆಬ್ಬೆರಳು ಅದರ ಮೇಲೆ ಬಂದು ನಿಂತಿತು, ಒತ್ತಲಿಲ್ಲ. ಕಂಪ್ಯೂಟರ್ ಆರಲಿ ಎಂದು ಅವಳು ಕಾದಳು. ನಿಜವಾಗಿಯೂ ಕಾದಳು. ಅದು ಆರಲಿಲ್ಲ.

ಕಣ್ಣು ಮುಚ್ಚಿ ಒತ್ತಿದಳು. ಆಮೇಲೆ ಕಣ್ಣು ತೆರೆದಳು.

ಅರವತ್ತು ಮೀಟರ್ ಕೆಳಗೆ ಊರು ಬಿದ್ದುಕೊಂಡಿತ್ತು. ತಾರಸಿಗಳು, ಟ್ಯಾಂಕುಗಳು, ನೂಲಿನಂಥ ರಸ್ತೆಗಳು, ಅವುಗಳ ಮೇಲೆ ಕ್ರೇನಿನ ನೆರಳು ಹತ್ತು ಮನೆಗಳನ್ನು ದಾಟಿ ಮಲಗಿತ್ತು. ಅವಳ ಕೆಳಗೆ ಒಂದು ಹಿಂಡು ಪಾರಿವಾಳ ತಿರುಗಿತು, ಬೆನ್ನುಗಳ ಮೇಲೆ ಬಿಸಿಲು. ಹಕ್ಕಿಯ ಬೆನ್ನು ನೋಡದೆ ಒಂದು ವರ್ಷವಾಗಿತ್ತು. ಗುಬ್ಬಕ್ಕ ತಲೆಸುತ್ತಿಗೆ ಕಾಯುತ್ತಾ ಕೂತಳು. ಬೇಕಾದಷ್ಟು ಹೊತ್ತು ಕೊಟ್ಟಳು, ಬರುವುದಿದ್ದರೆ ಬರಲಿ ಎಂದು. ಬರಲಿಲ್ಲ. ಊರು ಇದ್ದಲ್ಲೇ ಇತ್ತು, ತಲೆ ಇದ್ದಲ್ಲೇ ಇತ್ತು. ಅವಳು ಚಪ್ಪಡಿಯನ್ನು ಹಳದಿ ಗುರುತಿನ ನಡುವೆ ಧೂಳೇಳದಂತೆ ಇಳಿಸಿದಳು. ಸೋಮವಾರ ಆ ಕುರ್ಚಿ ತನ್ನದು ಎಂದು ಅವಳಿಗೆ ಅಲ್ಲೇ ಗೊತ್ತಾಯಿತು. ಕಣ್ಣಿಂದ ನೀರು ಇಳಿದದ್ದನ್ನು ಒರೆಸಿಕೊಳ್ಳಲೂ ಇಲ್ಲ, ಕೈ ಖಾಲಿ ಇರಲಿಲ್ಲ.

"ಆಯ್ತು ಅತ್ತೆ! ಮುಗೀತು!" ಎಂದು ಕಿರುಚಿದಳು ಹುಡುಗಿ. "ಇನ್ನು ಕೊಕ್ಕೆ ಇಳಿಸಿ."

"ಇಳಿಸ್ತೀನಿ. ತಡಿ."

ಹಿಂದೆ ನಿಂತಿದ್ದ ದರ್ಜಿ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದ, ಮುಖ ಬಿಳಿಚಿಕೊಂಡಿತ್ತು.

"ಇಷ್ಟು ಎತ್ತರಾನಾ?" ಎಂದ.

"ಇಷ್ಟೇ."

"ದಿನಾ?"

"ದಿನಾ."

ಇಪ್ಪತ್ತೆರಡು ವರ್ಷ ಪ್ರತಿ ಬೆಳಿಗ್ಗೆ ಊಟದ ಡಬ್ಬಿ ಕೈಗೆ ಕೊಟ್ಟು, ಹುಷಾರು ಎಂದು ಬಾಗಿಲು ಹಾಕಿಕೊಂಡು, ತಾನು ಅವಳನ್ನು ಕಳಿಸಿದ್ದು ಇಲ್ಲಿಗೆ ಎಂದು ಅವನಿಗೆ ಈಗ ತಿಳಿಯಿತು. ಸ್ಟೂಲನ್ನು ಕಾಲಲ್ಲೇ ಎಳೆದುಕೊಂಡು ಹೆಂಡತಿಯ ಪಕ್ಕ ಕೂತ.

"ನಂಗೆ ತಲೆ ಸುತ್ತುತ್ತಾ ಇದೆ ಕಣೇ," ಎಂದ.

"ನೇರ ಕೆಳಗೆ ನೋಡ್ಬೇಡಿ," ಎಂದಳು ಗುಬ್ಬಕ್ಕ. "ಮೊದಲು ದೂರ ನೋಡಿ. ಆಮೇಲೆ ನಾನು ಒಂದೊಂದೇ ತೋರಿಸ್ತೀನಿ."